ಸೈಕಲ್ ದಾಟುವುದನ್ನೂ ಡಿಎಲ್ ಟೆಸ್ಟ್‌ಗೆ ಸೇರಿಸಿ: ಸಾರಿಗೆ ಸಚಿವರಿಗೊಂದು ಬಹಿರಂಗ ಪತ್ರ

ಗೆ,
ಮಾನ್ಯ ಸಾರಿಗೆ ಸಚಿವರು,
ಕರ್ನಾಟಕ ಸರ್ಕಾರ, ಬೆಂಗಳೂರು

ಮಾನ್ಯರೇ,

ನಮಸ್ಕಾರ. ನಾನು ಮಂಡ್ಯ ಜಿಲ್ಲೆಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ಸೈಕಲ್ಲೂ ತುಳಿಯುತ್ತೇನೆ, ಕಾರೂ ಓಡಿಸುತ್ತೇನೆ. ಹಾಗಾಗಿ ಇದನ್ನು ಕಾರಿನವರ ಮೇಲೆ ಸೈಕಲ್‌ನವರು ಕೊಟ್ಟ ದೂರು ಅಂತ ಓದಬೇಡಿ. ನಾನು ಕೇಳುವುದು ಒಂದೇ ಒಂದು ವಿಷಯ. ಮುಂದೆ ಹೋಗುತ್ತಿರುವ ಸೈಕಲ್ಲನ್ನು ಹೇಗೆ ದಾಟಬೇಕು ಅನ್ನುವುದನ್ನು ನಾವು ಲೈಸೆನ್ಸ್ ಕೊಡುವ ಮುಂಚೆ ಯಾರಿಗೂ ಕಲಿಸುತ್ತಿಲ್ಲ. ಅದನ್ನು ಕಲಿಸಿ. ಕಲಿತಿದ್ದಾರಾ ಅಂತ ಟೆಸ್ಟ್‌ನಲ್ಲಿ ನೋಡಿ.

ಈ ರಾಜ್ಯದಲ್ಲಿ ಮಕ್ಕಳ ಕೈಗೆ ಸೈಕಲ್ ಕೊಟ್ಟಿದ್ದು ಸರ್ಕಾರವೇ ಅಲ್ವಾ. 2006-07ರಲ್ಲಿ ಎಂಟನೇ ಕ್ಲಾಸಿನ ಮಕ್ಕಳಿಗೆ ಉಚಿತ ಸೈಕಲ್ ಯೋಜನೆ ಶುರುವಾಯಿತು. ಎಷ್ಟೋ ಹೆಣ್ಣುಮಕ್ಕಳು ಏಳನೇ ಕ್ಲಾಸಿಗೇ ಮನೆಯಲ್ಲಿ ಕೂರುವುದು ತಪ್ಪಿತು. ಕೋವಿಡ್ ಕಾಲದಲ್ಲಿ ಯೋಜನೆ ನಿಂತಿತು, ಆದರೆ ಅಭ್ಯಾಸ ನಿಂತಿಲ್ಲ. ಅಕ್ಕನ ಸೈಕಲ್ ತಂಗಿಗೆ ಬಂದಿದೆ, ಅಣ್ಣನದು ಚಿಕ್ಕಪ್ಪನ ಮಗನಿಗೆ ಹೋಗಿದೆ. ಬೆಳಿಗ್ಗೆ ಒಂಬತ್ತೂವರೆಗೆ ನಮ್ಮ ಶಾಲೆಯ ಗೇಟಿನ ಹತ್ತಿರ ನಿಂತು ನೋಡಿ. ಸೈಕಲ್ ಸ್ಟ್ಯಾಂಡ್ ತುಂಬಿ, ಬೇವಿನ ಮರದ ಸುತ್ತ ಒರಗಿಸಿ, ಕಾಂಪೌಂಡ್ ಪಕ್ಕಕ್ಕೂ ಸಾಲು ಹಿಡಿದಿರುತ್ತೆ. ಸರ್ಕಾರ ಸೈಕಲ್ ಕೊಟ್ಟಿತು, ಸಂತೋಷ. ಆ ಸೈಕಲ್ ಹಿಂದೆ ಬರುವ ಬಸ್ಸಿನವರಿಗೆ, ಟಿಪ್ಪರ್‌ನವರಿಗೆ, ಕಾರಿನವರಿಗೆ ಯಾರೂ ಏನೂ ಹೇಳಲಿಲ್ಲ.

ಹೋದ ಮಳೆಗಾಲದಲ್ಲಿ ನಮ್ಮ ಶಾಲೆಯ ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳು ಬಿದ್ದಳು. ನಾನು ಸ್ವಲ್ಪ ಹಿಂದೆಯೇ ಬರುತ್ತಿದ್ದೆ, ಕಣ್ಣಾರೆ ನೋಡಿದೆ. ಹಿಂದಿನಿಂದ ಒಂದು ಖಾಸಗಿ ಬಸ್ ಬಂತು. ತೀರಾ ಹತ್ತಿರ ಬಂದ ಮೇಲೆ ಹಾರನ್ ಹೊಡೀತು. ಆ ಕರ್ಕಶ ಹಾರನ್, ನಾಲ್ಕೈದು ಸ್ವರದ್ದು. ಹುಡುಗಿ ಬೆಚ್ಚಿ ಹಿಂದಕ್ಕೆ ತಿರುಗಿದಳು, ಹ್ಯಾಂಡಲ್ ಬಲಕ್ಕೆ ಎಳೀತು, ಬಸ್ ಪಕ್ಕದಲ್ಲೇ ಕಂಡಿತು, ಗಾಬರಿಯಲ್ಲಿ ಎಡಕ್ಕೆ ಎಳೆದಳು. ಡಾಂಬರಿನ ಅಂಚಿನಿಂದ ಕೆಳಗೆ ಜಲ್ಲಿಗೆ ಚಕ್ರ ಇಳೀತು. ಬಿದ್ದಳು. ಮಣಿಕಟ್ಟಿನ ಮೂಳೆ ಮುರಿಯಿತು. ಟಿಫಿನ್ ಬಾಕ್ಸ್ ತೆರೆದುಕೊಂಡು ಚಿತ್ರಾನ್ನವೆಲ್ಲ ಜಲ್ಲಿ ಮೇಲೆ ಚೆಲ್ಲಿತ್ತು.

ಬಸ್ ಮುಂದಿನ ಸ್ಟಾಪ್‌ನಲ್ಲಿ ಸಿಕ್ಕಿತು. ಡ್ರೈವರ್ ಕೆಟ್ಟವನೇನಲ್ಲ, ಇಳಿದು ಬಂದು ವಿಚಾರಿಸಿದ. ಆದರೆ ಅವನ ಮಾತು ಕೇಳಿ: "ಹಾರನ್ ಹೊಡ್ದಿವ್ನಿ ಕಣ್ ಸಾ. ಬಸ್ ತಗಲಿದ್ದಾ, ನೀವೇ ಹೇಳಿ? ಆ ಮಗು ಪಕ್ಕಕ್ಕೋಗ್ಬೇಕಿತ್ತು." ಹುಡುಗಿಯನ್ನು ಕೇಳಿದರೆ, "ಪಕ್ಕಕ್ಕೆ ಎಲ್ಲಿ ಹೋಗ್ಲಿ ಸಾರ್, ಜಲ್ಲಿ ಇತ್ತಲ್ಲ" ಅಂದಳು.

ಇಬ್ಬರೂ ಸುಳ್ಳು ಹೇಳುತ್ತಿರಲಿಲ್ಲ. ಬಸ್ ತಗಲಲೇ ಇಲ್ಲ. ಹಾಗಾಗಿ ಕೇಸೂ ಇಲ್ಲ, ಲೆಕ್ಕವೂ ಇಲ್ಲ. 2022ರಲ್ಲಿ ದೇಶದಲ್ಲಿ ರಸ್ತೆ ಅಪಘಾತಕ್ಕೆ 1,68,491 ಜನ ಸತ್ತರು, ಅವರಲ್ಲಿ 4,836 ಜನ ಸೈಕಲ್‌ನವರು ಅಂತ ಕೇಂದ್ರ ಸಾರಿಗೆ ಸಚಿವಾಲಯದ ವರದಿ ಹೇಳುತ್ತದೆ. ಸತ್ತವರು ಲೆಕ್ಕಕ್ಕೆ ಸಿಗುತ್ತಾರೆ. ತಗಲದೇ ಬೀಳಿಸಿದ್ದು ಯಾವ ವರದಿಗೂ ಬರುವುದಿಲ್ಲ. ಆಮೇಲೆ ಆ ಹುಡುಗಿಯ ಮನೆಯವರು ಸೈಕಲ್ ಬಿಡಿಸಿಬಿಟ್ಟರು. ಈಗ ಆಟೋದಲ್ಲಿ ಬರುತ್ತಾಳೆ, ದುಡ್ಡಿಲ್ಲದ ದಿನ ಬರುವುದಿಲ್ಲ.

ಆ ಡ್ರೈವರ್ ಮಾತು ನನ್ನ ತಲೆಯಲ್ಲೇ ಉಳಿದಿದೆ. ಹಾರನ್ ಹೊಡೆದರೆ ಮುಗೀತು, ಜಾಗ ಬಿಡಬೇಕಾದ್ದು ಮುಂದಿನವನ ಕೆಲಸ ಅಂತ ಅವನು ನಿಜವಾಗಿಯೂ ನಂಬಿದ್ದಾನೆ. ಅವನೊಬ್ಬನೇ ಅಲ್ಲ. ನಮ್ಮ ಸ್ಟಾಫ್ ರೂಮಿನಲ್ಲಿ ಕಾರು ಓಡಿಸುವ ಮೇಷ್ಟ್ರುಗಳೂ ಹಾಗೇ ಅಂದುಕೊಂಡಿದ್ದಾರೆ. ಯಾರೂ ಬೇರೆ ಥರ ಹೇಳಿಕೊಟ್ಟಿಲ್ಲ, ಏನು ಮಾಡ್ತಾರೆ?

ಸೈಕಲ್ ತುಳಿಯದವರಿಗೆ ಕಾಣದ ಕೆಲವು ಸಂಗತಿ ಇವೆ. ಕ್ಲಾಸಿನಲ್ಲಿ ಹೇಳುವ ಹಾಗೆ ಹೇಳುತ್ತೇನೆ, ಬೇಜಾರಾಗಬೇಡಿ.

"ಎಡಕ್ಕೆ ಪೂರ್ತಿ ಸರಿದು ಹೋಗೋಕೆ ಏನು ಕಷ್ಟ" ಅಂತ ಎಲ್ಲರೂ ಕೇಳುತ್ತಾರೆ. ನಮ್ಮ ಹಳ್ಳಿ ರಸ್ತೆಗೆ ಪ್ರತಿ ಸಲ ಡಾಂಬರು ಹಾಕಿದಾಗ ರಸ್ತೆ ಏರುತ್ತದೆ, ಪಕ್ಕದ ಮಣ್ಣು ಏರುವುದಿಲ್ಲ. ಅಂಚಿನಲ್ಲಿ ನಾಲ್ಕು ಬೆರಳೆತ್ತರದ ಮೆಟ್ಟಿಲು ಬಿದ್ದಿರುತ್ತೆ. ಕಾರಿನ ಚಕ್ರಕ್ಕೆ ಅದು ಏನೂ ಅಲ್ಲ. ಸೈಕಲ್ ಚಕ್ರ ಒಮ್ಮೆ ಕೆಳಗಿಳಿದರೆ ಓರೆಯಾಗಿ ಮೇಲೆ ಹತ್ತಿಸಲು ಆಗುವುದಿಲ್ಲ, ಜಾರಿ ಬೀಳುತ್ತೆ. ಅದಕ್ಕೇ ತಿಳಿದವರು ಅಂಚಿನಿಂದ ಅರ್ಧ ಮೀಟರಾದರೂ ಒಳಗೆ ಇರುತ್ತಾರೆ. ಅದು ಕೊಬ್ಬಲ್ಲ, ಜೀವದ ಮೇಲಿನ ಆಸೆ.

ಹಾರನ್ ಬಿದ್ದಾಗ ಮಗು ಬಲಗಡೆಗೆ ತಿರುಗಿ ನೋಡುತ್ತೆ. ತಲೆ ತಿರುಗಿದರೆ ಭುಜ ತಿರುಗುತ್ತೆ, ಭುಜ ತಿರುಗಿದರೆ ಹ್ಯಾಂಡಲ್ ತಿರುಗುತ್ತೆ. ಸೈಕಲ್ ಒಂದಡಿ ಬಲಕ್ಕೆ ಬರುತ್ತೆ. ಅಂದರೆ ಹತ್ತಿರ ಬಂದು ಹಾರನ್ ಹೊಡೆದ ಡ್ರೈವರ್ ತನ್ನ ದಾರಿಗೆ ಸೈಕಲ್ಲನ್ನು ತಾನೇ ಎಳೆದುಕೊಂಡ ಹಾಗಾಯಿತು. ಇನ್ನು ಗಾಳಿ. ದೊಡ್ಡ ಬಸ್ ವೇಗವಾಗಿ ಪಕ್ಕದಲ್ಲೇ ಹೋದರೆ ಅದರ ಮೂತಿಯ ಗಾಳಿ ಮೊದಲು ಸೈಕಲ್ಲನ್ನು ಆಚೆ ತಳ್ಳುತ್ತೆ, ಬಸ್ ದಾಟುತ್ತಿದ್ದ ಹಾಗೇ ಒಳಕ್ಕೆ ಸೆಳೆಯುತ್ತೆ. ಕ್ಯಾರಿಯರ್ ಮೇಲೆ ಪುಸ್ತಕದ ಬ್ಯಾಗ್ ಕಟ್ಟಿಕೊಂಡ ಹದಿಮೂರು ವರ್ಷದ ಮಗು ಈ ಎರಡೂ ಏಟು ತಡೆದು ನೇರಕ್ಕೆ ಹೋಗಬೇಕು. ವೇಗದ ಮಾತಂತೂ ಎಲ್ಲರಿಗೂ ಗೊತ್ತಿರೋದೇ. ಗಂಟೆಗೆ 30 ಕಿಲೋಮೀಟರ್‌ನಲ್ಲಿ ಹೋಗುವ ಗಾಡಿ 60ಕ್ಕೆ ಏರಿದರೆ ಅದರ ಚಲನಶಕ್ತಿ ಎರಡಲ್ಲ, ನಾಲ್ಕು ಪಟ್ಟಾಗುತ್ತೆ.

ಈಗ ಜಾಗದ ಲೆಕ್ಕ. ನಮ್ಮ ಕಡೆ ಎಷ್ಟೋ ರಸ್ತೆಗಳ ಡಾಂಬರು ಐದೂವರೆ ಮೀಟರ್ ಅಗಲ. ಸೈಕಲ್ ಅಂಚಿನಿಂದ ಅರ್ಧ ಮೀಟರ್ ಒಳಗಿದೆ ಅನ್ನಿ. ಹ್ಯಾಂಡಲ್ ಅಗಲ ಸುಮಾರು 60 ಸೆಂಟಿಮೀಟರ್. ದಾಟುವ ಬಸ್ ಒಂದೂವರೆ ಮೀಟರ್ ಅಂತರ ಬಿಡಬೇಕು. ಬಸ್ಸಿನದೇ ಅಗಲ ಸುಮಾರು ಎರಡೂವರೆ ಮೀಟರ್. ಎಲ್ಲ ಕೂಡಿ 5.1 ಮೀಟರ್. ಉಳಿದದ್ದು 40 ಸೆಂಟಿಮೀಟರ್. ಎದುರಿನಿಂದ ಒಂದು ಸ್ಕೂಟರ್ ಬಂದರೂ ಜಾಗ ಇಲ್ಲ. ಅಂದರೆ ಎದುರು ಗಾಡಿ ಬರುತ್ತಿರುವಾಗ ಬಸ್ ಸೈಕಲ್ ಹಿಂದೆ ನಿಧಾನಕ್ಕೆ ಹೋಗಬೇಕು, ಬೇರೆ ದಾರಿಯೇ ಇಲ್ಲ. ನಮ್ಮ ರಸ್ತೆಯಲ್ಲಿ ಆಗುತ್ತಿರುವುದು ಇದಕ್ಕೆ ಉಲ್ಟಾ. ಎದುರಿನ ಗಾಡಿಗೆ ಜಾಗ ಬಿಟ್ಟು, ಸೈಕಲ್ಲಿಗೆ ಬಿಡಬೇಕಾದ ಜಾಗವನ್ನೇ ಕಿತ್ತುಕೊಳ್ಳುತ್ತಾರೆ.

ಕಾದರೆ ಎಷ್ಟು ಹೊತ್ತು ಹೋಗುತ್ತೆ? ಗಂಟೆಗೆ 40 ಕಿಲೋಮೀಟರ್‌ನಲ್ಲಿ ಬರುವ ಬಸ್ ನೂರು ಮೀಟರ್ ದೂರ ಸೈಕಲ್ ಹಿಂದೆ 15 ಕಿಲೋಮೀಟರ್ ವೇಗದಲ್ಲಿ ಹೋಯಿತು ಅನ್ನಿ. ಒಂಬತ್ತು ಸೆಕೆಂಡಿನಲ್ಲಿ ಮುಗಿಯಬೇಕಾದ್ದಕ್ಕೆ 24 ಸೆಕೆಂಡ್ ಆಗುತ್ತೆ. ನಷ್ಟ 15 ಸೆಕೆಂಡ್. ನಮ್ಮ ಎಂಟನೇ ಕ್ಲಾಸಿನ ಮಕ್ಕಳ ಕೈಯಲ್ಲೇ ಬೋರ್ಡ್ ಮೇಲೆ ಈ ಲೆಕ್ಕ ಮಾಡಿಸಿದೆ. ಒಬ್ಬ ಹುಡುಗ ಎದ್ದು "ಸಾರ್, ಇದನ್ನ ಬಸ್ಸಿನ ಅಣ್ಣಂಗೆ ಹೇಳಿ" ಅಂದ. ಅದಕ್ಕೇ ನಿಮಗೆ ಹೇಳುತ್ತಿದ್ದೇನೆ.

ಕಾಯ್ದೆ ಇಲ್ಲ ಅಂತಲ್ಲ. 2017ರ ಡ್ರೈವಿಂಗ್ ರೆಗ್ಯುಲೇಷನ್ಸ್‌ನಲ್ಲಿ ಪಾದಚಾರಿಗಳು, ಸೈಕಲ್‌ನವರು, ಮಕ್ಕಳು, ವಯಸ್ಸಾದವರು, ಅಂಗವಿಕಲರ ಬಗ್ಗೆ ಚಾಲಕರು ವಿಶೇಷ ಎಚ್ಚರ ವಹಿಸಬೇಕು ಅಂತ ಇದೆ. ಹೀಗೆ ಹಲವು ಸ್ವರದ ಹಾರನ್ ಹಾಕಿಸಬಾರದು ಅಂತ ಕೇಂದ್ರ ಮೋಟಾರು ವಾಹನ ನಿಯಮಗಳ 119ನೇ ನಿಯಮವೇ ಹೇಳುತ್ತದೆ. ಅದೇ ನಿಯಮಗಳ 15ನೇದರಲ್ಲಿ, ಲೈಸೆನ್ಸ್ ಕೊಡುವ ಮುಂಚೆ ಏನೇನು ಪರೀಕ್ಷಿಸಬೇಕು ಅನ್ನುವ ಪಟ್ಟಿ ಇದೆ. ಬೇರೆ ಗಾಡಿಯನ್ನು ಓವರ್‌ಟೇಕ್ ಮಾಡುವುದು, ಸರಿಯಾದ ಸಿಗ್ನಲ್ ಕೊಟ್ಟು ಎಚ್ಚರದಿಂದ ಮುಂದೆ ಹೋಗುವುದು ಆ ಪಟ್ಟಿಯಲ್ಲಿದೆ.

ಟೆಸ್ಟ್ ಹೇಗೆ ನಡೆಯುತ್ತೆ ಅಂತ ಎಲ್ಲರಿಗೂ ಗೊತ್ತು. ಬೈಕ್‌ನವರು ಎಂಟು ಹಾಕುತ್ತಾರೆ, ಕಾಲು ನೆಲಕ್ಕೆ ಊರಬಾರದು. ಕಾರಿನವರು ಒಂದಿಷ್ಟು ಮುಂದೆ, ಒಂದಿಷ್ಟು ರಿವರ್ಸ್. ಸೆನ್ಸರ್ ಇರುವ ಆಟೊಮೇಟೆಡ್ ಟ್ರ್ಯಾಕ್ ಬಂದ ಮೇಲೆ ಕಳ್ಳಾಟ ಕಡಿಮೆಯಾಗಿದೆ, ಅದು ಒಳ್ಳೆಯದೇ. ಆದರೆ ಖಾಲಿ ಟ್ರ್ಯಾಕ್ ಮೇಲೆ ಯಾರನ್ನು ಓವರ್‌ಟೇಕ್ ಮಾಡುವುದು? ಎಂಟು ಹಾಕಿಯೇ ಹೊರಗೆ ಬಂದ ಹುಡುಗ ಮೊದಲ ದಿನವೇ ಹತ್ತು ಸೈಕಲ್ ದಾಟುತ್ತಾನೆ. ಜೀವನದಲ್ಲಿ ಅವನು ಮತ್ತೆ ಎಂಟು ಹಾಕುವ ಸಂದರ್ಭ ಬರುತ್ತೋ ಇಲ್ವೋ.

ಇದಕ್ಕೆ ಕೋಟಿಗಟ್ಟಲೆ ದುಡ್ಡು ಬೇಡ. ಟ್ರ್ಯಾಕಿನ ಎಡ ಅಂಚಿನಿಂದ ಅರ್ಧ ಮೀಟರ್ ಒಳಗೆ ಒಂದು ಹಳೇ ಸೈಕಲ್ ನಿಲ್ಲಿಸಿ, ಮೇಲೆ ಒಂದು ಬೆರ್ಚಪ್ಪ ಕೂರಿಸಿ. ಪಕ್ಕದಲ್ಲಿ ಒಂದೂವರೆ ಮೀಟರ್‌ಗೆ ಬಿಳಿ ಗೆರೆ ಎಳೆಯಿರಿ. ಕನ್ನಡಿ ನೋಡಿ, ಇಂಡಿಕೇಟರ್ ಹಾಕಿ, ವೇಗ ಇಳಿಸಿ, ಗೆರೆ ತುಳಿಯದೆ ದಾಟಬೇಕು. ದಾಟಿದ ಮೇಲೆ ತಕ್ಷಣ ಎಡಕ್ಕೆ ಎಳೆಯಬಾರದು. ಗೆರೆ ತುಳಿದರೆ ಫೇಲ್. ಹಾರನ್ ಹೊಡೆದು ನುಗ್ಗಿದರೂ ಫೇಲ್. ಎಲ್‌ಎಲ್‌ಗೆ, ಅಂದರೆ ಕಲಿಯುವವರ ಲೈಸೆನ್ಸ್‌ಗೆ, ಕಂಪ್ಯೂಟರ್ ಮುಂದೆ ಕೂರಿಸಿ ಕೇಳುವ ಪ್ರಶ್ನೆಗಳಲ್ಲೂ ಒಂದೆರಡು ಇದರ ಮೇಲೆ ಇರಲಿ. ಲೈಸೆನ್ಸ್ ರಿನ್ಯೂ ಮಾಡಿಸಲು ಬರುವ ಹಳಬರಿಗೆ ಹತ್ತು ನಿಮಿಷದ ವಿಡಿಯೊ ತೋರಿಸಿದರೂ ಸಾಕು.

ದಾಟಿದ ತಕ್ಷಣ ಎಡಕ್ಕೆ ಎಳೆಯಬಾರದು ಅಂದೆನಲ್ಲ, ಅದು ಸುಮ್ನೆ ಸೇರಿಸಿದ ಮಾತಲ್ಲ. ನಮ್ಮ ಕಡೆ ಬಸ್ಸಿನವರ ದೊಡ್ಡ ಕೆಟ್ಟ ಚಾಳಿಯೇ ಅದು. ಮುಂದೆ ಸ್ಟಾಪ್‌ನಲ್ಲಿ ಜನ ನಿಂತಿರುತ್ತಾರೆ. ಹಿಂದೆ ಇನ್ನೊಂದು ಬಸ್ ಅಟ್ಟಿಸಿಕೊಂಡು ಬರುತ್ತಿರುತ್ತೆ. ಸೈಕಲ್ಲನ್ನು ದಾಟಿ ಗಪ್ಪಂತ ಅದರ ಮೂತಿಗೇ ಅಡ್ಡ ತಂದು ನಿಲ್ಲಿಸುತ್ತಾರೆ. ಸೈಕಲ್ ಬ್ರೇಕ್ ರಬ್ಬರ್ ಸವೆದಿರುತ್ತೆ, ಮಳೆ ಬಂದಿದ್ದರೆ ಹಿಡಿಯುವುದೇ ಇಲ್ಲ. ಬಸ್ಸಿನ ಹಿಂಭಾಗಕ್ಕೆ ಹೋಗಿ ಗುದ್ದಿದರೆ ತಪ್ಪು ಯಾರದು? "ಹಿಂದೆ ಬಂದು ಗುದ್ದಿದವನದು." ಬ್ರೆಜಿಲ್‌ನಲ್ಲಿ ಬಸ್ ಡ್ರೈವರ್‌ಗಳನ್ನೇ ನಿಲ್ಲಿಸಿದ ಸೈಕಲ್ ಮೇಲೆ ಕೂರಿಸಿ, ಪಕ್ಕದಲ್ಲೇ ಬಸ್ ಓಡಿಸಿ ತರಬೇತಿ ಕೊಟ್ಟಿದ್ದಾರೆ. ಆ ಗಾಳಿ ಒಂದು ಸಲ ಮೈಗೆ ಬಡಿದರೆ ಭಾಷಣ ಬೇಕಾಗಲ್ಲ. ಸಾರಿಗೆ ನಿಗಮಗಳಲ್ಲಿ ಡ್ರೈವರ್ ತರಬೇತಿ ಹೇಗೂ ನಡೆಯುತ್ತದೆ, ಅದಕ್ಕೆ ಇದನ್ನು ಸೇರಿಸಿ. ಪರ್ಮಿಟ್ ಇರುವ ಖಾಸಗಿ ಬಸ್‌ಗಳಿಗೂ ಕಡ್ಡಾಯ ಮಾಡಿ.

ಸೈಕಲ್‌ನವರ ತಪ್ಪನ್ನೂ ಹೇಳದಿದ್ದರೆ ಈ ಪತ್ರ ಅರ್ಧವಾಗುತ್ತೆ. ನಮ್ಮ ಮಕ್ಕಳು ಮೂರು ಮೂರು ಸೈಕಲ್ ಸಾಲಾಗಿ, ಹೆಗಲ ಮೇಲೆ ಕೈ ಹಾಕಿಕೊಂಡು ಹೋಗುತ್ತಾರೆ. ಕೈ ತೋರಿಸದೆ ಬಲಕ್ಕೆ ತಿರುಗುತ್ತಾರೆ. ರಾಂಗ್ ಸೈಡ್‌ನಲ್ಲಿ ಬರುತ್ತಾರೆ. ದೊಡ್ಡವರೇನು ಕಡಿಮೆ ಇಲ್ಲ. ಸಂಜೆ ಗದ್ದೆಯಿಂದ ಹುಲ್ಲಿನ ಹೊರೆ ಕಟ್ಟಿಕೊಂಡು ಬರುವ ಅಣ್ಣನ ಸೈಕಲ್ಲಿಗೆ ಲೈಟೂ ಇಲ್ಲ, ರಿಫ್ಲೆಕ್ಟರೂ ಇಲ್ಲ. ಇದ್ದರೂ ಹುಲ್ಲಿನಲ್ಲಿ ಮುಚ್ಚಿಹೋಗಿರುತ್ತೆ. ಹಿಂದೆ ಡೈನಮೋ ಇಲ್ಲದೆ ರಾತ್ರಿ ಹೋದರೆ, ಡಬಲ್ಸ್ ಹೋದರೆ ಪೊಲೀಸರು ಗಾಳಿ ಬಿಡುತ್ತಿದ್ದ ಕಾಲವಿತ್ತು. ಆ ಕಾಲ ಮತ್ತೆ ಬರಲಿ ಅಂತ ನಾನು ಹೇಳಲ್ಲ. ಆದರೆ ಕತ್ತಲಲ್ಲಿ ಕಾಣದ ಸೈಕಲ್ಲಿಗೆ ಗುದ್ದಿದ ಕಾರಿನವನ ಸಂಕಟವೂ ನಿಜ.

ನಮ್ಮ ಶಾಲೆಯಲ್ಲಿ ನಾವು ಮಾಡಬಹುದಾದ್ದನ್ನು ಶುರು ಮಾಡಿದ್ದೇವೆ. ಎಲ್ಲ ಸೈಕಲ್‌ಗಳ ಹಿಂದಿನ ಮಡ್‌ಗಾರ್ಡ್‌ಗೂ ಹೊಳೆಯುವ ಟೇಪ್ ಅಂಟಿಸಿದ್ದೇವೆ. ಡ್ರಿಲ್ ಪೀರಿಯಡ್‌ನಲ್ಲಿ ಫೀಲ್ಡಿನಲ್ಲಿ ಸುಣ್ಣದ ಗೆರೆ ಹಾಕಿ, ಹಿಂದೆ ತಿರುಗಿ ನೋಡುವಾಗ ಹ್ಯಾಂಡಲ್ ಅಲುಗದ ಹಾಗೆ ಅಭ್ಯಾಸ ಮಾಡಿಸುತ್ತೇವೆ. ಪಿಟಿ ಮೇಷ್ಟ್ರಿಗೆ ಮೊದಲು ನಗು ಬಂದಿತ್ತು, ಈಗ ಕಬಡ್ಡಿಗಿಂತ ಜಾಸ್ತಿ ಉತ್ಸಾಹ ಇದಕ್ಕೇ. ಬಲಕ್ಕೆ ತಿರುಗುವಾಗ ಕೈ ಚಾಚುವುದನ್ನು ಹೆಣ್ಣುಮಕ್ಕಳು ಬೇಗ ಕಲಿತರು, ಗಂಡುಹುಡುಗರಿಗೆ ಇನ್ನೂ ನಾಚಿಕೆ.

ಆದರೂ ಒಂದು ಮಾತು. ತಪ್ಪು ಇಬ್ಬರದೂ ಇರಬಹುದು, ಪೆಟ್ಟು ಬೀಳುವುದು ಒಬ್ಬರಿಗೇ. ಲೈಸೆನ್ಸ್ ಇಲ್ಲದೆ ಓಡಿಸುವ ಗಾಡಿ ಸೈಕಲ್. ಸರ್ಕಾರ ಪರೀಕ್ಷೆ ಮಾಡಿ ಅನುಮತಿ ಕೊಟ್ಟು ರಸ್ತೆಗೆ ಬಿಡುವುದು ಮೋಟಾರು ಗಾಡಿಯವರನ್ನು. ಹಾಗಾಗಿ ಮೊದಲು ನಿಮ್ಮ ಕೈಯಲ್ಲಿರುವುದು ಅವರ ಪರೀಕ್ಷೆ.

ರಾತ್ರಿ ಹೊತ್ತು ಇನ್ನೊಂದು ಥರದ ಅನ್ಯಾಯ. ಎದುರು ಲಾರಿ ಬಂದರೆ ಕಾರಿನವರು ಡಿಮ್ ಮಾಡುತ್ತಾರೆ, ಬೈಕ್ ಬಂದರೂ ಕೆಲವರು ಮಾಡುತ್ತಾರೆ. ಸೈಕಲ್ ಬಂದರೆ ಯಾರೂ ಮಾಡುವುದಿಲ್ಲ. ಅವನಿಗೆ ತಿರುಗಿ ಲೈಟ್ ಹೊಡೆದು ನೆನಪಿಸಲು ಏನೂ ಇಲ್ಲವಲ್ಲ! ಹೈ ಬೀಮ್ ಕಣ್ಣಿಗೆ ಬಿದ್ದವನಿಗೆ ನಾಲ್ಕೈದು ಸೆಕೆಂಡ್ ಏನೂ ಕಾಣುವುದಿಲ್ಲ. ಸುಗ್ಗಿ ಕಾಲದಲ್ಲಿ ರಸ್ತೆಯನ್ನೇ ಕಣ ಮಾಡಿ ಹುರುಳಿ, ರಾಗಿ ಹರವಿರುತ್ತಾರೆ, ಅಂಚಿಗೆ ಕಲ್ಲು ಬೇರೆ ಇಟ್ಟಿರುತ್ತಾರೆ. ಅದರ ಮೇಲೆ ಸೈಕಲ್ ಜಾರುತ್ತೆ. ಕಬ್ಬಿನ ಟ್ರ್ಯಾಕ್ಟರ್ ಟ್ರೇಲರ್‌ನಿಂದ ಎರಡೂ ಕಡೆ ಮಾರುದ್ದ ಚಾಚಿಕೊಂಡ ಜಲ್ಲೆಗಳು ಸೈಕಲ್‌ನವನ ಮುಖದ ಎತ್ತರಕ್ಕೇ ಬರುತ್ತವೆ. ರೈತರ ಕಷ್ಟ ನನಗೆ ಗೊತ್ತು, ನಮ್ಮಪ್ಪನೂ ಕಬ್ಬು ಬೆಳೆದವರೇ. ಟ್ರೇಲರ್ ಹಿಂದೆ ಕೆಂಪು ಟೇಪ್ ಅಂಟಿಸದೆ ಕಾರ್ಖಾನೆಯ ಗೇಟ್ ಒಳಗೆ ಬಿಡಬಾರದು ಅಂತ ಮಾಡಿದರೆ ಅರ್ಧ ಸಮಸ್ಯೆ ಮುಗಿಯುತ್ತೆ.

ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ರಸ್ತೆಯಲ್ಲಿ 2023ರ ಆಗಸ್ಟ್ 1ರಿಂದ ಬೈಕ್, ಆಟೋ, ಟ್ರ್ಯಾಕ್ಟರ್, ಸೈಕಲ್ ಎಲ್ಲಕ್ಕೂ ನಿಷೇಧ. ಆ ವೇಗದಲ್ಲಿ ಸೈಕಲ್ ಅಲ್ಲಿರಬಾರದು, ಒಪ್ಪಿದೆ. ಈಗ ಅವೆಲ್ಲ ಸರ್ವಿಸ್ ರಸ್ತೆಯಲ್ಲಿವೆ. ಟೋಲ್ ಉಳಿಸುವ ಕಾರುಗಳೂ ಅಲ್ಲಿಗೇ ಬರುತ್ತವೆ, ಅದೇ ಅವಸರದಲ್ಲಿ. ಶಾಲೆಯ ಮಗುವೂ ಅಲ್ಲೇ. ಒಂದು ರಸ್ತೆಯಿಂದ ಎತ್ತಿ ಇನ್ನೊಂದಕ್ಕೆ ಹಾಕಿದ ಮೇಲೆ ಅಲ್ಲಿಯ ವೇಗಕ್ಕೂ ಒಂದು ಮಿತಿ ಬೇಕು, ಅದನ್ನು ನೋಡುವವರೂ ಬೇಕು. ಕನಿಷ್ಠ ಶಾಲೆ ಶುರುವಾಗುವ, ಬಿಡುವ ಹೊತ್ತಿನಲ್ಲಿ.

ಪ್ರತ್ಯೇಕ ಸೈಕಲ್ ಪಥ ಮಾಡಿ ಅಂತ ಯಾಕೆ ಕೇಳುತ್ತಿಲ್ಲ ಅಂತ ನಿಮಗೆ ಅನಿಸಬಹುದು. ಮಾಡಿದರೆ ಸಂತೋಷವೇ. ಆದರೆ 2020ರಲ್ಲಿ ಬೆಂಗಳೂರಿನ ಔಟರ್ ರಿಂಗ್ ರೋಡಿನಲ್ಲಿ ಪ್ಲಾಸ್ಟಿಕ್ ಕಂಬ ನೆಟ್ಟು ಮಾಡಿದ ಸೈಕಲ್ ಲೇನ್ ಏನಾಯಿತು? ಬೈಕ್‌ಗಳು ನುಗ್ಗಿದವು, ಕಂಬಗಳು ಮುರಿದವು. ರಾಜಧಾನಿಯಲ್ಲೇ ಹೀಗಾದರೆ ನಮ್ಮೂರ ಐದೂವರೆ ಮೀಟರ್ ರಸ್ತೆಯಲ್ಲಿ ಎಲ್ಲಿ ಪಥ ಮಾಡುತ್ತೀರಿ? ನಾವು ಇನ್ನೂ ಬಹಳ ವರ್ಷ ಒಂದೇ ರಸ್ತೆಯಲ್ಲಿ ಒಟ್ಟಿಗೇ ಹೋಗಬೇಕು.

ಅಂತರದ ವಿಷಯಕ್ಕೆ ಬರುತ್ತೇನೆ. "ವಿಶೇಷ ಎಚ್ಚರ" ಅಂದರೆ ಎಷ್ಟು ಅಂತ ಪೊಲೀಸರಿಗೂ ಹೇಳಲು ಆಗಲ್ಲ, ಡ್ರೈವರ್‌ಗೂ ಗೊತ್ತಾಗಲ್ಲ. ಜರ್ಮನಿ 2020ರಲ್ಲಿ ಊರೊಳಗೆ ಒಂದೂವರೆ ಮೀಟರ್, ಊರ ಹೊರಗೆ ಎರಡು ಮೀಟರ್ ಅಂತ ಬರೆದೇ ಬಿಟ್ಟಿತು. ಫ್ರಾನ್ಸ್‌ನಲ್ಲಿ ಊರೊಳಗೆ ಒಂದು, ಹೊರಗೆ ಒಂದೂವರೆ. ನಮ್ಮಲ್ಲಿ ಡ್ರೈವಿಂಗ್ ರೆಗ್ಯುಲೇಷನ್ಸ್ ಮಾಡುವ ಅಧಿಕಾರ ಕೇಂದ್ರದ್ದು, ನಿಜ. ಹಾಗಿದ್ದರೆ ಕರ್ನಾಟಕದ ಪರವಾಗಿ ಕೇಂದ್ರಕ್ಕೆ ಒಂದು ಪತ್ರ ಬರೆಯಿರಿ. ಇನ್ನೊಂದು ಬಾಗಿಲು ನಿಮ್ಮ ಹತ್ತಿರವೇ ಇದೆ. 2019ರ ತಿದ್ದುಪಡಿಯಲ್ಲಿ ಮೋಟಾರು ವಾಹನ ಕಾಯ್ದೆಗೆ 138(1ಎ) ಸೇರಿತು. ಪಾದಚಾರಿಗಳು ಮತ್ತು ಮೋಟಾರಿಲ್ಲದ ಗಾಡಿಗಳ ವಿಷಯದಲ್ಲಿ ರಾಜ್ಯವೇ ನಿಯಮ ಮಾಡಬಹುದು. 2025ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಆ ನಿಯಮ ಮಾಡಲು ರಾಜ್ಯಗಳಿಗೆ ಆರು ತಿಂಗಳ ಗಡುವು ಕೊಟ್ಟಿತು. ಆ ನಿಯಮಗಳಲ್ಲಿ ಸೈಕಲ್‌ನವರು ಏನು ಮಾಡಬಾರದು ಅನ್ನುವ ಪಟ್ಟಿಯಷ್ಟೇ ಇರಬಾರದು ಅನ್ನುವುದು ನನ್ನ ಕೋರಿಕೆ. ನಗರದವರ ಜೊತೆಗೆ ಹಳ್ಳಿ ಶಾಲೆಯ ಮೇಷ್ಟ್ರುಗಳನ್ನೂ ಕರೆದು ಕೇಳಿ. ಕರೆದರೆ ಸ್ವಂತ ಖರ್ಚಿನಲ್ಲಿ ಬರುತ್ತೇನೆ.

ಈ ಜೂನ್‌ನಲ್ಲಿ ಶಾಲೆ ಶುರುವಾಗುವುದರೊಳಗೆ ಎಲ್ಲವೂ ಆಗಲ್ಲ ಅಂತ ನನಗೂ ಗೊತ್ತು. ಒಂದು ಆರ್‌ಟಿಒ ಟ್ರ್ಯಾಕಿನಲ್ಲಿ ಆ ಸೈಕಲ್ ಮತ್ತು ಬಿಳಿ ಗೆರೆಯ ಟೆಸ್ಟ್ ಶುರು ಮಾಡಿ ನೋಡಿ. ಮೂರು ತಿಂಗಳು ನಡೆಸಿ, ಎಷ್ಟು ಜನ ಮೊದಲ ಸಲಕ್ಕೆ ಗೆರೆ ತುಳಿಯುತ್ತಾರೆ ಅಂತ ಲೆಕ್ಕ ಇಡಿಸಿ, ಆ ಲೆಕ್ಕವನ್ನು ಜನರ ಮುಂದಿಡಿ. ಸೈಕಲ್ಲಿಗೆ ಟೆಂಡರ್ ಕರೆಯುವ ತಾಪತ್ರಯ ಬೇಡ. ನಮ್ಮೂರ ಸೈಕಲ್ ಶಾಪಿನವರು ಒಂದು ಹಳೇ ಅಟ್ಲಾಸ್ ಸುಮ್ನೆ ಕೊಡುತ್ತೇನೆ ಅಂದಿದ್ದಾರೆ. ಬೆರ್ಚಪ್ಪನನ್ನು ಮಕ್ಕಳು ಮಾಡಿಕೊಡುತ್ತಾರೆ, ಹಳೇ ಯೂನಿಫಾರ್ಮ್ ಹಾಕಿ. ಯಾವ ಆರ್‌ಟಿಒಗೆ ತಲುಪಿಸಬೇಕು ಅಂತ ತಿಳಿಸಿ.

ಇಂತಿ ತಮ್ಮ ವಿಶ್ವಾಸಿ,
ಮಂಡ್ಯ ಜಿಲ್ಲೆಯ ಒಬ್ಬ ಹೈಸ್ಕೂಲ್ ಮೇಷ್ಟ್ರು